ಮೂರು ರೂಪಾಯಿಯ ರೊಟ್ಟಿ

ಬನಹಟ್ಟಿಯಲ್ಲಿ ಕರೆಂಟು ಹೋದರೆ ಕತ್ತಲೆಗಿಂತ ಮೊದಲು ಮೌನ ಬರುತ್ತದೆ. ಮುಂಜಾನೆಯಿಂದ ಬಡಿದುಕೊಳ್ಳುತ್ತಿದ್ದ ಮಗ್ಗಗಳು ಓಣಿಗೆ ಓಣಿಯೇ ಒಮ್ಮೆಲೇ ನಿಲ್ಲುತ್ತವೆ. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೂ ಆಗ ಒಂದು ಗಳಿಗೆ ಎದೆ ಝಲ್ಲೆನ್ನುತ್ತದೆ. 2011ರ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಹೀಗಾಗುತ್ತಿತ್ತು. ಆ ಹೊತ್ತಿಗೆ ರೊಟ್ಟಿ ಮಾರುವ ಹೊಳೆವ್ವ ಒಲೆಯ ಮುಂದೆ ಕೂತಲ್ಲೇ ತಲೆ ಎತ್ತಿ, ಎದುರಿಗೆ ಯಾರೂ ಇಲ್ಲದಿದ್ದರೂ, "ಜ್ವಾಳದ್ದ ತಮ್ಮಾ, ಮತ್ಯಾತರದ್ದು?" ಎನ್ನುತ್ತಿದ್ದಳು. ಆ ಓಣಿಯವರೆಲ್ಲ ಅದನ್ನು ಕೇಳಿದ್ದಾರೆ. ಕೆಲವರು ನಕ್ಕರು. ಕೆಲವರು ಮಕ್ಕಳನ್ನು ಆ ಕಡೆ ಕಳಿಸುವುದನ್ನು ಬಿಟ್ಟರು.

ನಾನು ಚಿದಾನಂದ. ಆ ಓಣಿಯ ತುದಿಯ ಸಣ್ಣ ದವಾಖಾನೆಯಲ್ಲಿ ಕಂಪೌಂಡರ್. ಹೊಳೆವ್ವ ಉತ್ತರ ಕೊಡುತ್ತಿದ್ದದ್ದು ಯಾರಿಗೆ ಎಂಬುದು ಮೊದಲು ಗೊತ್ತಾದದ್ದು ನನಗೆ. ಆ ಕಥೆಯಲ್ಲಿ ನಾನು ಆಡಿದ ಒಂದು ಮಾತೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಳೆವ್ವ ಬೀಳಗಿ ತಾಲೂಕಿನವಳು. ಕೃಷ್ಣೆಯ ದಂಡೆಯಲ್ಲಿ ಅವಳ ಗಂಡ ಅಮಸಿದ್ದಪ್ಪನಿಗೆ ನಾಲ್ಕು ಎಕರೆ ಎರೆಹೊಲವಿತ್ತು, ಒಂದಿಷ್ಟು ಕುರಿ ಇದ್ದವು. ಬೀರೇಶ್ವರನ ಒಕ್ಕಲು. ಆ ಎರೆಗೆ ಯಾರೂ ನೀರು ಹಾಯಿಸಿದವರಲ್ಲ. ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತಿ ಬಂದರೆ ನೆಲದ ಹಸಿ, ಮೇಲಿನ ಇಬ್ಬನಿ ಇವೆರಡರಲ್ಲೇ ಆಳೆತ್ತರ ಬೆಳೆಯುತ್ತಿತ್ತು. "ನಮ್ಮ ಮನ್ಯಾಗ ಜ್ವಾಳಕ್ಕ ರೇಟ್ ಅನ್ನೂದು ಇತ್ತು ಅನ್ನೂದ ನನಗ ಗೊತ್ತಿದ್ದಿಲ್ಲರಿ" ಎಂದು ಅವಳು ಒಮ್ಮೆ ನನಗೆ ಹೇಳಿದ್ದಳು. ಆಲಮಟ್ಟಿಯ ಹಿನ್ನೀರು ಏರಿದ ವರ್ಷಗಳಲ್ಲಿ ಆ ಹೊಲ, ಮನೆ, ಕಣ ಎಲ್ಲಾ ನೀರಿನಡಿ ಹೋದವು. ಪರಿಹಾರದ ಹಣ ಅಮಸಿದ್ದಪ್ಪನ ಐದು ಜನ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು. 2001ರಲ್ಲಿ ಗಂಡಹೆಂಡತಿ ಇಬ್ಬರೇ ಬನಹಟ್ಟಿಗೆ ಬಂದರು. ಮಕ್ಕಳಿರಲಿಲ್ಲ. ಅಮಸಿದ್ದಪ್ಪ ನೂಲಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ನಿಂತ. ಹೊಳೆವ್ವ ಬಾಡಿಗೆ ಮನೆಯ ಮುಂದಿನ ಪಡಸಾಲೆಯಲ್ಲಿ ಒಲೆ ಹೂಡಿ ರೊಟ್ಟಿ ಬಡಿಯತೊಡಗಿದಳು.

ಆಗ ರೊಟ್ಟಿಗೆ ಒಂದು ರೂಪಾಯಿ. ಮೇಲೆ ಶೇಂಗಾ ಚಟ್ನಿ ಪುಕ್ಕಟೆ. ಮಗ್ಗದವರು ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತು ತಿಂದು ಹೋಗುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಜಮಖಂಡಿ, ಮುಧೋಳ, ತೇರದಾಳದ ಸುತ್ತ ನೀರು ಹತ್ತಿದ ಹೊಲವೆಲ್ಲ ಕಬ್ಬಾಯಿತು. ಜೋಳ ಬಿತ್ತುವವರೇ ಕಡಿಮೆಯಾದರು. ಬಿತ್ತಿದರೂ ಕಟಾವಿಗೆ ಆಳು ಸಿಗುತ್ತಿರಲಿಲ್ಲ. ಸಂತೆಗೆ ಬರುವ ಬಿಳಿಜೋಳ ಬಿಜಾಪುರದ ಕಡೆಯಿಂದ ಲಾರಿಯಲ್ಲಿ ಬರತೊಡಗಿತು. ಕಿಲೋಗೆ ಏಳು ರೂಪಾಯಿಯ ಜೋಳ ಹನ್ನೆರಡಾಯಿತು, ಹದಿನೆಂಟಾಯಿತು, ಇಪ್ಪತ್ತು ದಾಟಿತು. ಅದೇ ಹೊತ್ತಿಗೆ ಹೊಳೆವ್ವನ ಎದುರಿನ ಅಂಗಡಿಯಲ್ಲಿ ಕುರುಕಲು ತಿಂಡಿಯ ಬಣ್ಣಬಣ್ಣದ ಪಾಕೀಟುಗಳ ಸರಗಳು ತೂಗಿದವು. ಎರಡು ರೂಪಾಯಿಗೆ ಒಂದು, ಐದು ರೂಪಾಯಿಗೆ ಒಂದು. ಅದರ ಪಕ್ಕದ ಗಾಡಿಯಲ್ಲಿ ಐದು ರೂಪಾಯಿಗೆ ಒಂದು ಪಾವು, ಎರಡು ಮೆಣಸಿನಕಾಯಿ ಭಜಿ. ಹಸಿದವನ ಹೊಟ್ಟೆ ಅಷ್ಟಕ್ಕೆ ಗಪ್ಪನೆ ತುಂಬಿಬಿಡುತ್ತಿತ್ತು.

ಇನ್ನು ಲಗಮಣ್ಣನ ವಿಷಯ. ಅವನು ಹೊಳೆವ್ವನ ಮನೆಯಿಂದ ನಾಲ್ಕು ಮನೆ ಆಚೆಯ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿದ್ದ. ನಲವತ್ತು ದಾಟಿರಲಿಲ್ಲ. ಹೆಂಡತಿ ಇಂದ್ರವ್ವ ಮನೆಯಲ್ಲೇ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ಮುಂಜಾನೆ ಐದಕ್ಕೆ ರಾಟಿ ಹಿಡಿದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಒಬ್ಬಳೇ ಮಗಳು, ಉಮಾಶ್ರೀ. 2008ರಲ್ಲಿ ಲಗಮಣ್ಣ ಬಾಯಾರಿಕೆ, ಸುಸ್ತು ಎಂದು ದವಾಖಾನೆಗೆ ಬಂದ. ರಕ್ತದಲ್ಲಿ ಸಕ್ಕರೆ ಮುನ್ನೂರರ ಮೇಲಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಏನು ತಿನ್ನಬೇಕು ಹೇಳಿ ಕಳಿಸು ಎಂದು ನನಗೆ ಹೇಳಿದರು.

"ಅನ್ನ ಬಂದ್, ಪಾವು ಬಂದ್, ಭಜಿ ಬಂದ್. ಜ್ವಾಳದ ರೊಟ್ಟಿ, ಕಾಳು, ತಪ್ಪಲ ಪಲ್ಯ ತಿನ್ನು" ಎಂದೆ.

ಲಗಮಣ್ಣ ಗುಳಿಗೆಯ ಚೀಟಿಯನ್ನು ಮಡಚಿ ಕಿಸೆಗಿಟ್ಟ. "ರೇಷನ್ ಅಕ್ಕಿ ಮೂರು ರೂಪಾಯಿ ಕಿಲೋ ಐತ್ರಿ ಸಾಹೇಬ್ರ. ಜ್ವಾಳ ಹದಿನೆಂಟ. ಬಡವರ ಹೊಟ್ಟಿ ತುಂಬೂವು ಒಂದೂ ಈ ರೋಗಕ್ಕ ಒಗ್ಗೂದಿಲ್ಲೇನ್ರಿ?" ಎಂದ.

ನಾನು ನಕ್ಕೆ. ಅವನೂ ನಕ್ಕ.

ಆದರೂ ಅವನು ಹಟದಿಂದ ನಡೆದುಕೊಂಡ. ದಿನಾ ಹೊಳೆವ್ವನಲ್ಲಿ ನಾಲ್ಕು ರೊಟ್ಟಿ ಕೊಳ್ಳುತ್ತಿದ್ದ. ಎರಡನ್ನು ಅಲ್ಲೇ ತಿಂದು, ಎರಡನ್ನು ರಾತ್ರಿಗೆಂದು ಕಟ್ಟಿಸಿಕೊಳ್ಳುತ್ತಿದ್ದ. ಮೂರು ತಿಂಗಳಿಗೆ ಸಕ್ಕರೆ ಇಳಿಯಿತು. ಮೈಯಲ್ಲಿ ಕಸುವು ಬಂತು ಎಂದು ಅವನೇ ಬಂದು ಹೇಳಿ ಹೋದ.

2010ರ ಮಳೆಗಾಲದ ಹೊತ್ತಿಗೆ ಹೊಳೆವ್ವನಿಗೆ, ಅಷ್ಟರಲ್ಲಿ ಒಂದರಿಂದ ಮೂರು ರೂಪಾಯಿಗೆ ಏರಿದ್ದ ರೊಟ್ಟಿಯನ್ನು ಆ ಬೆಲೆಗೂ ಕೊಡುವುದು ಸಾಧ್ಯವಾಗಲಿಲ್ಲ. ಜೋಳ ಇಪ್ಪತ್ತೈದಕ್ಕೆ ಮುಟ್ಟಿತ್ತು, ಶೇಂಗಾ ಅದಕ್ಕಿಂತ ಮೇಲೆ. ನಾಳೆಯಿಂದ ರೊಟ್ಟಿಗೆ ಐದು ರೂಪಾಯಿ ಎಂದು ಎಲ್ಲರಿಗೂ ಹೇಳಿದಳು. ಮರುದಿನ ಲಗಮಣ್ಣ ಎರಡೇ ರೊಟ್ಟಿ ಕೊಂಡ. ಅದರ ಮರುದಿನ ಒಂದು. ಮೂರನೇ ದಿನ ಅವನು ರಸ್ತೆ ದಾಟಿ ಭಜಿಯ ಗಾಡಿಯ ಮುಂದೆ ನಿಂತದ್ದನ್ನು ಹೊಳೆವ್ವ ನೋಡಿದಳು. ಅವನು ಇವಳತ್ತ ಬೆನ್ನು ಮಾಡಿ ನಿಂತು, ಕದ್ದವನಂತೆ ಗಬಗಬನೆ ತಿನ್ನುತ್ತಿದ್ದ.

ಆ ವಾರವೇ ಅವಳ ಹಿಟ್ಟು ಬದಲಾಯಿತು.

ಮೊದಲು ಅದು ಮೋಸ ಎಂದು ಅವಳಿಗೂ ಅನ್ನಿಸಿರಲಿಲ್ಲ. ಹಳೆಯ ಜೋಳಕ್ಕೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಅದಕ್ಕೆಂದು ಒಂದು ಹಿಡಿ ಅಕ್ಕಿಹಿಟ್ಟು ಕೂಡಿಸಿದಳು. ಕಾರ್ಡಿನವರು ಮಾರುವ ರೇಷನ್ ಅಕ್ಕಿ ಓಣಿಯಲ್ಲೇ ಕಿಲೋಗೆ ಎಂಟು ರೂಪಾಯಿಯಂತೆ ಸಿಗುತ್ತಿತ್ತು. ಹಿಡಿ ಹೋಗಿ ಬೊಗಸೆ ಆಯಿತು, ಬೊಗಸೆ ಹೋಗಿ ಅರ್ಧಕ್ಕರ್ಧ ಆಯಿತು, ಮೆತ್ತಗಿರಲಿ ಎಂದು ಮೈದಾ ಕೂಡಿತು. ರೊಟ್ಟಿ ಮೊದಲಿಗಿಂತ ಬೆಳ್ಳಗೆ, ತೆಳ್ಳಗೆ ಬರತೊಡಗಿತು. ಬೆಲೆ ಮತ್ತೆ ಮೂರು ರೂಪಾಯಿ ಎಂದಳು. ಬಿಟ್ಟುಹೋದ ಗಿರಾಕಿಗಳೆಲ್ಲ ತಿರುಗಿ ಬಂದರು. ಕೈ ಎಷ್ಟು ಛಲೋ ಐತಿ ನಿಂದು ಎಂದು ಹೊಗಳಿದರು. ಲಗಮಣ್ಣನೂ ಬಂದ. ಮೊದಲ ದಿನ ಒಮ್ಮೆ ಕೆಮ್ಮಿ, ಅಂಚು ಮುರಿದು ಮೂಗಿನ ಹತ್ತಿರ ಹಿಡಿದು, "ಬ್ಯಾರೇನ ಕಾಣತಾವಲ್ಲಕ್ಕಾ. ಜ್ವಾಳದ್ದ ಹೌದಲ್ಲ?" ಎಂದು ಕೇಳಿದ.

"ಜ್ವಾಳದ್ದ ತಮ್ಮಾ, ಮತ್ಯಾತರದ್ದು?" ಎಂದಳು ಹೊಳೆವ್ವ.

ಆಮೇಲೆ ಅದು ಅವನಿಗೆ ರೂಢಿಯೇ ಆಯಿತು. ದಿನಾ ಕೇಳುತ್ತಿದ್ದ, ದಿನಾ ಹೇಳುತ್ತಿದ್ದಳು. ಅವನು ನಂಬಿ ನಾಲ್ಕರ ಬದಲು ಐದು ಕೊಳ್ಳತೊಡಗಿದ.

ಎರಡು ತಿಂಗಳ ನಂತರ ಅವನ ರಕ್ತ ನೋಡಿದಾಗ ಸಕ್ಕರೆ ಮತ್ತೆ ಏರಿತ್ತು. ಇನ್ನೊಂದು ತಿಂಗಳಿಗೆ ಇನ್ನೂ ಏರಿತು. ನಾನು ಕಾಗದವನ್ನು ಅವನ ಮುಂದೆ ಹಿಡಿದೆ. "ಏನ ತಿನ್ನಾಕತ್ತಿ ಖರೆ ಹೇಳು."

"ರೊಟ್ಟೀನ ತಿನ್ನಾಕತ್ತೇನ್ರಿ. ಹೊಳೆವ್ವಕ್ಕನ ಜ್ವಾಳದ ರೊಟ್ಟಿ."

"ಸುಳ್ಳು ಹೇಳಬ್ಯಾಡೋ. ಮಿಷನ್ ಸುಳ್ಳು ಹೇಳತೈತೇನು?"

ಬೆಂಚಿನ ಮೇಲೆ ಇನ್ನೂ ಆರೇಳು ಜನ ಕೂತಿದ್ದರು. ಎಲ್ಲರೂ ನಕ್ಕರು. ಲಗಮಣ್ಣ ತಲೆ ತಗ್ಗಿಸಿಕೊಂಡು ಹೋದ. ನಾನು ಇಂದ್ರವ್ವನನ್ನೂ ಕರೆದು, ನಿನ್ನ ಗಂಡ ಹೊರಗೆ ಏನೋ ತಿನ್ನುತ್ತಿದ್ದಾನೆ, ಕಣ್ಣಿಟ್ಟಿರು ಎಂದೆ. ಅವಳು ಕಣ್ಣಿಟ್ಟಳು. ಅವನ ಅಂಗಿಯ ಕಿಸೆ ಝಾಡಿಸಿ ನೋಡುವಳು, ಬಾಯಿ ಮೂಸಿ ನೋಡುವಳು. ಒಂದು ಮಧ್ಯಾಹ್ನ ಹೊಳೆವ್ವನ ಕಟ್ಟೆಯ ಮುಂದೆಯೇ ಅವನನ್ನು ತಡೆದು, "ಹೆಂಡತಿ ಮಗಳನ್ನ ಬೀದಿಗಿ ಹಾಕಿ ಹೋಗಬೇಕಂತ ಮಾಡಿಯೇನು? ನಾಲಗಿ ಒಂದನ್ನ ಹಿಡಿಯಾಕ ಆಗೂದಿಲ್ಲ ನಿನಗ?" ಎಂದು ನಾಲ್ಕು ಜನ ಕೇಳುವಂತೆ ಬೈದಳು. ಲಗಮಣ್ಣ ಹೊಳೆವ್ವನ ಕಡೆ ಕೈ ತೋರಿಸಿದ. "ಈ ಅಕ್ಕನ್ನ ಕೇಳು. ನಾ ಏನ ತಿಂತೇನಿ ಅಕೀಗಿ ಗೊತ್ತೈತಿ."

ಹೊಳೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ತಲೆ ಎತ್ತಲಿಲ್ಲ. "ನಮ್ಮಲ್ಲಿ ರೊಟ್ಟೀನ ತಿಂತಾನ. ಅತ್ಲಾಗ ಏನ ತಿಂತಾನೋ ನನಗೇನ ಗೊತ್ತವಾ" ಎಂದಳು.

ದೀಪಾವಳಿಯ ಮುಂದೆ ಲಗಮಣ್ಣನ ಕಾಲಬೆರಳಿಗೆ ಶೆಡ್ಡಿನಲ್ಲಿ ಮೊಳೆ ಚುಚ್ಚಿತು. ಅರಿಸಿನ ಹಚ್ಚಿಕೊಂಡು ದುಡಿದ. ಹತ್ತು ದಿನಕ್ಕೆ ಬೆರಳು ಕಪ್ಪಾಯಿತು. ಮಿರಜಿನ ಆಸ್ಪತ್ರೆಗೆ ಕರೆದೊಯ್ದರು. ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ಎರಡನೇ ಸಲ ಒಯ್ಯುವಾಗ ಜೊತೆಗೆ ನಾನೂ ಇದ್ದೆ. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದ್ದವನು ನನ್ನ ಕೈ ಹಿಡಿದುಕೊಂಡು, "ಸಾಹೇಬ್ರ, ನಾ ಖರೇನ ರೊಟ್ಟೀನ ತಿಂದೇನ್ರಿ" ಎಂದ. ನಾನು, "ಆತು, ಮಕ್ಕೋ" ಎಂದೆ. ಜ್ವರದ ಮಾತು ಎಂದುಕೊಂಡೆ. ಇಂದ್ರವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಜನವರಿಯಲ್ಲಿ ಅವನು ತೀರಿಕೊಂಡ.

ಹೊಳೆವ್ವ ಮಣ್ಣಿಗೆ ಹೋಗಿ ಬಂದಳು. ಒಂದು ವಾರ ಒಲೆ ಹಚ್ಚಲಿಲ್ಲ. ಆಮೇಲೆ ಹಚ್ಚಿ, ಅದೇ ಹಿಟ್ಟಿನಿಂದ ರೊಟ್ಟಿ ಬಡಿಯತೊಡಗಿದಳು. ಬೇಸಿಗೆ ಬರುತ್ತಲೇ ಕರೆಂಟಿನ ಕಡಿತ ಸುರುವಾಯಿತು. ಮೊದಲ ದಿನ ಮಗ್ಗಗಳು ನಿಂತ ಕೂಡಲೇ ಅವಳಿಗೆ ಕಟ್ಟೆಯ ಮೇಲೆ ಯಾರೋ ಕೆಮ್ಮಿದಂತಾಯಿತು. ಆಮೇಲೆ ರೊಟ್ಟಿಯ ಅಂಚು ಮುರಿದ ಸದ್ದು, ಪಟಕ್ಕನೆ. ಆಮೇಲೆ ಏನೂ ಇಲ್ಲ. ಯಾರೋ ಅಂಚನ್ನು ಮೂಗಿಗೆ ಹಿಡಿದು ಕಾಯುತ್ತಿರುವಷ್ಟು ಹೊತ್ತು ಏನೂ ಇರುತ್ತಿರಲಿಲ್ಲ. ಅದನ್ನು ತಾಳಲಾರದೆ ಅವಳ ಬಾಯಿಂದ ಉತ್ತರ ತಾನಾಗಿ ಹೊರಬೀಳುತ್ತಿತ್ತು. ಉತ್ತರ ಕೊಟ್ಟರೆ ಕೆಮ್ಮು ನಿಲ್ಲುತ್ತಿತ್ತು. ಕೊಡದಿದ್ದರೆ ಕರೆಂಟು ಬರುವವರೆಗೂ ಅವನು ಅಲ್ಲೇ ಇರುತ್ತಿದ್ದ.

ಅಮಸಿದ್ದಪ್ಪ ಅವಳನ್ನು ಬೀರಪ್ಪನ ಗುಡಿಗೆ ಕರೆದೊಯ್ದು ಹಣೆತುಂಬ ಭಂಡಾರ ಹಚ್ಚಿಸಿದ. ಅದರಿಂದ ಆಗಲಿಲ್ಲ ಎಂದು ದವಾಖಾನೆಗೆ ಕರೆತಂದ. "ನಮ್ಮಾಕಿ ಒಬ್ಬಾಕೀನ ಮಾತಾಡಾಕತ್ತಾಳ್ರಿ. ನಿದ್ದಿ ಬರೂವಂಥಾ ಗುಳಿಗಿ ಏನಾರ ಕೊಡ್ರಿ" ಎಂದ. ಡಾಕ್ಟರು ಊಟಕ್ಕೆ ಹೋಗಿದ್ದರು. ಅಮಸಿದ್ದಪ್ಪ ಬೀಡಿ ಸೇದಲು ಹೊರಗೆ ಹೋದಾಗ ಹೊಳೆವ್ವ ನನ್ನತ್ತ ಬಾಗಿ ಕೇಳಿದಳು: "ಚಿದಾನಂದಪ್ಪಾ, ಆವತ್ತ ನೀವು ಲಗಮಣ್ಣಗ ಸುಳ್ಳು ಹೇಳತಿ ಅಂದ್ರಂತಲ್ರಿ, ಖರೆ ಏನ್ರಿ?"

"ಅಂದಿದ್ದೆ. ಯಾಕವಾ?"

ಅವಳು ಹೇಳಿದಳು. ಅಕ್ಕಿ, ಮೈದಾ, ಭಜಿಯ ಗಾಡಿ, ಇಂದ್ರವ್ವ ಬೈದ ದಿನ, ಎಲ್ಲಾ. "ಅಂವ ಭಜಿ ತಿನ್ನೂದ ನೋಡಲಾರದ ರೇಟ್ ಇಳಿಸಿದ್ನಿ ಅಂತ ನನಗ ನಾನ ಹೇಳಕೋತಿದ್ನಿರಿ. ಅದೂ ಖರೇನ. ಆದರ ಗಿರಾಕಿ ಹೋಗಬಾರದು ಅನ್ನೂದೂ ಇತ್ತು. ಯಾವದು ಮೊದಲಿಂದು, ಯಾವದು ಹಿಂದಿಂದು, ಈಗ ನನಗ ತಿಳೀವಲ್ದು" ಎಂದಳು.

ನನ್ನ ಕೈಯಲ್ಲಿದ್ದ ಗುಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಜೀಪಿನಲ್ಲಿ ನನ್ನ ಕೈ ಹಿಡಿದಿದ್ದ ಅವನ ಬಿಸಿ ಅಂಗೈ ನೆನಪಾಯಿತು. ಅವತ್ತಿನಿಂದ ಇವತ್ತಿನವರೆಗೆ ಆ ಬಿಸಿ ಹೋಗಿಲ್ಲ.

ಸಂಜೆ ಡಾಕ್ಟರಿಗೆ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ರೊಟ್ಟಿಯೊಂದೇ ಯಾರ ಕಾಲನ್ನೂ ತೆಗೆಯುವುದಿಲ್ಲ. ಅವನು ಗುಳಿಗೆಯನ್ನು ಅರ್ಧ ಮಾಡಿ ನುಂಗುತ್ತಿದ್ದ, ಗಾಯವನ್ನು ಹತ್ತು ದಿನ ಮುಚ್ಚಿಟ್ಟ. ತಪ್ಪನ್ನು ಇಂಥವರೊಬ್ಬರ ಮೇಲೆಯೇ ಹೊರಿಸಬೇಕು ಎನ್ನಲು ಬರುವುದಿಲ್ಲ ಎಂದರು. ಮರುದಿನ ಅದನ್ನೇ ಹೊಳೆವ್ವನಿಗೆ ಹೇಳಿದೆ. ಅವಳಿಗೆ ಹಗುರಾಗುತ್ತದೆ ಎಂದುಕೊಂಡಿದ್ದೆ.

"ಕಾಲಿಂದು ಬಿಡ್ರಿ, ಅದು ದೇವರಿಗಿ ಗೊತ್ತು" ಎಂದಳು. "ಅವನ ಮಾತ ಹೋತಲ್ರಿ. ಖರೆ ಹೇಳಿದಾಂವ ಸುಳ್ಳ ಆಗಿ ಸತ್ತ."

ಆ ವಾರದ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಇಂದ್ರವ್ವನ ಮನೆಗೆ ಹೋದೆವು. ಅವಳು ಬಾಗಿಲಲ್ಲೇ ರಾಟಿಯ ಮುಂದೆ ಕೂತಿದ್ದಳು. ಮಗಳು ಉಮಾಶ್ರೀ ನೂಲಿನ ಲಡಿ ಬಿಡಿಸುತ್ತಿದ್ದಳು. ಹೊಳೆವ್ವ ಹೊಸ್ತಿಲ ಹೊರಗೇ ಕೂತು ಹೇಳಿದಳು. ಅಳಲಿಲ್ಲ. ಹೇಳಿ ಮುಗಿಯುವಷ್ಟರಲ್ಲಿ ರಾಟಿ ನಿಂತಿತ್ತು.

ಇಂದ್ರವ್ವ ಕೇಳಿದಳು: "ಜ್ವಾಳದ್ದು ಎಷ್ಟಕ್ಕ ಮಾರಬೇಕಾಗಿತ್ತು ನೀ?"

"ಐದಕ್ಕ."

"ಐದು ಅಂದಿದ್ರ ಅಂವ ಎರಡ ತಿಂದು ಮಕ್ಕೋತಿದ್ದ. ಇಲ್ಲಾಂದ್ರ ಭಜಿ ತಿಂತಿದ್ದ. ಏನ ತಿಂದರೂ, ತನ್ನ ಹೊಟ್ಯಾಗ ಏನ ಹೋಗಾಕತ್ತೈತಿ ಅನ್ನೂದರ ಅವಗ ಗೊತ್ತಿರತಿತ್ತು." ದನಿ ಏರಿಸದೆ ಅಂದಳು. "ನಾ ಅವನ ಬಾಯಿ ಮೂಸಿ ನೋಡೇನಿ ಹೊಳೆವ್ವಾ. ಕಳ್ಳನ್ನ ನೋಡಿದಂಗ ನೋಡೇನಿ. ಮಿರಜ್ಯಾಗ ನೀರ ಕೇಳಿದ್ರ, ಇನ್ನೂ ಏನ ತಿನ್ನಬೇಕಾಗೇತಿ ಅಂದೇನಿ."

ಹೊಳೆವ್ವ ಕಾಲು ಹಿಡಿಯಲು ಬಾಗಿದಳು. ಇಂದ್ರವ್ವ ಕಾಲು ಹಿಂದಕ್ಕೆಳೆದುಕೊಂಡಳು. "ಏಳು. ಹೋಗು. ನಾನೂ ಹಿಡಿಯಬೇಕಾಗಿತ್ತು ಒಬ್ಬವನ ಕಾಲು. ಅವು ಎಲ್ಲಿ ಅದಾವು?" ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ಬೈದಿದ್ದರೆ ಛಲೋ ಇತ್ತು.

ಮರುದಿನ ಮುಂಜಾನೆ ಇಂದ್ರವ್ವ ಗಂಡ ದುಡಿಯುತ್ತಿದ್ದ ಶೆಡ್ಡಿನ ಬಾಗಿಲಲ್ಲಿ ನಿಂತು, ಮಗ್ಗ ನಿಲ್ಲಿಸಲು ಹೇಳಿ, ನೇಯುವವರೆಲ್ಲರ ಮುಂದೆ ನನ್ನ ಗಂಡ ಸುಳ್ಳು ಹೇಳಿದವನಲ್ಲ ಎಂದಳಂತೆ. ಅಷ್ಟೇ ಹೇಳಿ ಬಂದಳಂತೆ. ಅದರ ಕಾರಣವೂ ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು. ಯಾರೋ ಹೊಳೆವ್ವನ ರೊಟ್ಟಿಯ ಬುಟ್ಟಿಯನ್ನು ಗಟಾರಕ್ಕೆ ಚೆಲ್ಲಿದರು. ಅವಳು ಹೊಸ ಬುಟ್ಟಿ ಕೊಂಡಳು, ಒಂದಲ್ಲ, ಎರಡು. ಒಂದರಲ್ಲಿ ಬರೀ ಬಿಳಿಜೋಳದ್ದು, ಆರು ರೂಪಾಯಿ. ಇನ್ನೊಂದರಲ್ಲಿ ಅಕ್ಕಿ ಕೂಡಿಸಿದ್ದು, ಮೂರು ರೂಪಾಯಿ. ಬಂದವರಿಗೆಲ್ಲ, ಕೇಳಲಿ ಬಿಡಲಿ, ಯಾವುದರಲ್ಲಿ ಏನಿದೆ ಎಂದು ಹೇಳಿಯೇ ಕೊಡುತ್ತಿದ್ದಳು. ಕಾರಿನಲ್ಲಿ ಬರುವ ಅರಿವೆ ವ್ಯಾಪಾರಿಗಳು, ಪುಣೆ ಕಡೆಯ ಬೀಗರಿಗೆ ಕಟ್ಟಿಸಿಕೊಂಡು ಹೋಗುವವರು ಆರು ರೂಪಾಯಿಯದನ್ನು ಒಯ್ದರು. ನಾನು ಯಾರಿಗೆ ಜೋಳದ್ದು ತಿನ್ನು ಎಂದು ಹೇಳಿ ಕಳಿಸುತ್ತಿದ್ದೆನೋ ಅವರು ಮೂರು ರೂಪಾಯಿಯದನ್ನೇ ಕೊಂಡರು. ಕೊಳ್ಳುವಾಗ ಆರು ರೂಪಾಯಿಯ ಬುಟ್ಟಿಯನ್ನು ಒಮ್ಮೆ ನೋಡುತ್ತಿದ್ದರು.

"ಹೇಳಿ ಕೊಟ್ಟರೂ ಅದನ್ನ ತಿಂತಾರಲ್ರಿ" ಎಂದು ಹೊಳೆವ್ವ ನನಗೆ ಹೇಳಿದಳು. ಕರೆಂಟು ಹೋದಾಗ ಕೆಮ್ಮು ಇನ್ನೂ ಕೇಳಿಸುತ್ತಿತ್ತು.

2013ರಲ್ಲಿ ಅಮಸಿದ್ದಪ್ಪ ತೀರಿಕೊಂಡ. ಹೊಳೆವ್ವ ಒಲೆ ಕೆಡವಿ, ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿದ್ದ ತನ್ನ ತಮ್ಮ ಮಾಳುವಿನ ಮನೆಗೆ ಹೋದಳು. ಮಾಳುವಿನದು ಎಂಟು ಎಕರೆ ಕಬ್ಬು. ಅವಳು ಅರ್ಧ ಎಕರೆ ಕೇಳಿದಳು, ಜೋಳ ಬಿತ್ತಲು. ಮಾಳು ನಕ್ಕು, ಮೂಲೆಯ ತುಂಡೊಂದನ್ನು ಬಿಟ್ಟುಕೊಟ್ಟ. ಮರುವರ್ಷ ಜನವರಿಯಲ್ಲಿ ನಾನು ಅವಳನ್ನು ನೋಡಲು ಹೋದೆ. ಸುತ್ತ ಎಲ್ಲಿ ನೋಡಿದರೂ ಕಬ್ಬು, ನಡುವೆ ಅರ್ಧ ಎಕರೆ ತೆನೆ. ಬೇರೆ ಎಲ್ಲೂ ಜೋಳವಿಲ್ಲದ್ದಕ್ಕೆ ಆ ಸೀಮೆಯ ಹಕ್ಕಿಗಳೆಲ್ಲ ಅಲ್ಲಿಗೇ ಬಂದಿದ್ದವು. ಹೊಳೆವ್ವ ಕಟ್ಟಿಗೆಯ ಅಟ್ಟದ ಮೇಲೆ ನಿಂತು ಡಬ್ಬಿ ಬಡಿಯುತ್ತ ಕೂಗುತ್ತಿದ್ದಳು. ದನಿ ಪೂರ್ತಿ ಒಡೆದಿತ್ತು. ಒಂದು ಕಡೆ ಎಬ್ಬಿಸಿದರೆ ಇನ್ನೊಂದು ಕಡೆ ಇಳಿಯುತ್ತಿದ್ದವು.

"ಇದನ್ನ ಯಾಕ ಬಿತ್ತೂದಿಲ್ಲ ಅಂತ ಈಗ ತಿಳೀತ್ರಿ" ಎಂದಳು ಕೆಳಗಿಳಿದು. "ಒಂದ ಹೊಲ ಉಳದ್ರ ಎಲ್ಲಾ ಹಕ್ಕಿ ಅದಕ್ಕ ಬೀಳತಾವ."

ಮೂರು ಚೀಲ ಆಗಬೇಕಾದದ್ದು ಒಂದೂವರೆ ಆಯಿತು. ಸುಗ್ಗಿ ಮುಗಿದ ಮೇಲೆ ಒಂದು ಪೂರ್ತಿ ಚೀಲವನ್ನು ಬಸ್ಸಿನ ಮೇಲೆ ಹಾಕಿಸಿ ನನ್ನ ಹೆಸರಿಗೆ ಕಳಿಸಿದಳು, ಇಂದ್ರವ್ವನಿಗೆ ಮುಟ್ಟಿಸಲು. ನಾನು ಆಟೋದಲ್ಲಿ ಒಯ್ದು ಅವಳ ಬಾಗಿಲಲ್ಲಿ ಇಳಿಸಿದೆ. ಇಂದ್ರವ್ವ ಬೇಡ ಎನ್ನಲಿಲ್ಲ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು, ಬಿಸಿಲಿಗೆ ಹಿಡಿದು ನೋಡಿದಳು.

ಹದಿನೈದು ದಿನದ ನಂತರ ಅವಳು ಜ್ವರದ ಗುಳಿಗೆಗೆಂದು ಬಂದಾಗ ಕೇಳಿದೆ.

"ಮಾರಿದ್ನಿರಿ" ಎಂದಳು. "ಮೂವತ್ತೆರಡರಂಗ ಹೋತು. ಅಷ್ಟ ತುಟ್ಟಿ ಕಾಳು ನಾವ ತಿನ್ನೂದೇನ್ರಿ? ಉಮಾಶ್ರೀ ಫೀ ಕಟ್ಟಿದ್ನಿ. ರೇಷನ್ ಅಕ್ಕಿ ಹೆಂಗೂ ಐತಿ." ಗುಳಿಗೆಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, "ಒಂದ ಸೇರು ಇಟ್ಟಕೊಂಡಿದ್ನಿ. ಒಂದ ಹೊತ್ತು ಮಾಡಿದ್ನಿ. ಮಗಳು ಬಿರಸ ಅಂತ ತಿನ್ನಲಿಲ್ಲ" ಎಂದಳು.

ಆ ಬೇಸಿಗೆಯಲ್ಲಿ ಹೊಳೆವ್ವನ ಆರೋಗ್ಯ ಕೆಟ್ಟಿದೆ ಎಂದು ಮಾಳು ಫೋನು ಮಾಡಿದ. ಹೋದೆ. ತಗಡು ಹೊದಿಸಿದ ಪತ್ರಾಸಿನ ಮನೆಯ ಮುಂದಿನ ಬೇವಿನ ನೆರಳಲ್ಲಿ ಮಂಚ ಹಾಕಿ ಮಲಗಿಸಿದ್ದರು. ಕೆಳಗೆ ದೂರದಲ್ಲಿ ಹಿನ್ನೀರು ಬಿಸಿಲಿಗೆ ಹೊಳೆಯುತ್ತಿತ್ತು. ನಾಡಿ ನೋಡಿದೆ, ಸಣ್ಣಗಿತ್ತು. ಅವಳು ಕಣ್ಣು ತೆರೆದು, ನಾನೆಂದು ಗುರುತಿಸಿ, ಬೇರೇನೂ ಕೇಳದೆ, "ಇಂದ್ರವ್ವ ರೊಟ್ಟಿ ಮಾಡಿದ್ಲೇನ್ರಿ? ಹೆಂಗ ಬಂದಿದ್ದುವಂತ?" ಎಂದಳು.

"ಭಾಳ ಛಲೋ ಬಂದಿದ್ದುವಂತವಾ" ಎಂದೆ. "ತಾಯಿಮಗಳು ದಿನಾ ಅದನ್ನ ತಿನ್ನಾಕತ್ತಾರ."

ಅವಳು ನನ್ನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಮುಖ ಹೊರಳಿಸಿ ಕೆಳಗಿನ ನೀರಿನ ಕಡೆ ನೋಡುತ್ತ ಮಲಗಿದಳು. ನಾನು ಬಸ್ಸಿನ ಹೊತ್ತಾಯಿತೆಂದು ಎದ್ದೆ.